ಆಫೀಸಿಗೂ ವಿಳಾಸ ಹಂಚಿದ ಸರ್ವರ್

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ ನಾನು ವಾದ ಮಾಡಿ ಒಬ್ಬರ ಕೆಲಸ ಕಳೆದೆ. ಅವರು ಮದ್ದೂರು ಕಡೆಯವರು, ನನ್ನ ತಂದೆಯ ವಯಸ್ಸಿನವರು, ಗುತ್ತಿಗೆಯ ಮೇಲಿದ್ದ ವೈರ್‌ಮನ್. ಕಾಲೇಜಿನ ನೆಟ್‌ವರ್ಕ್ ಕೇಬಲ್ ಎಳೆದವರೂ ಅವರೇ.

ಆಗ ಆಫೀಸಿನ ಕಂಪ್ಯೂಟರ್‌ಗಳಿಗೆ ಬೆಳಿಗ್ಗೆ ಇಂಟರ್ನೆಟ್ ಸಿಗುತ್ತಿರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳು ನಿಂತುಹೋದವು. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು.

"ಒಂದ್ ಮಾತ್ ಏಳ್ತೀನಿ ಸಾ," ಎಂದರು ವೈರ್‌ಮನ್. "ಈ ಲ್ಯಾಬ್ ಮೇಷ್ಟ್ರು ರಜ ಆಕ್ದ ದಿನ ಆಫೀಸ್ಗೆ ನೆಟ್ಟು ಚೆಂದಾಗ್ ಬತ್ತದೆ. ನಾನ್ ನೋಡಿವ್ನಿ."

"ನಾನು ಕೊಡೆ ತಂದ ದಿನ ಎಲ್ಲ ಮಳೆ ಬಂದ್ರೆ, ಮಳೆ ತರಿಸಿದ್ದು ಕೊಡೆನಾ ಅಣ್ಣ?" ಎಂದೆ.

ಅಲ್ಲೇ ಇದ್ದ ಆಫೀಸಿನ ಗುಮಾಸ್ತರು ನಕ್ಕುಬಿಟ್ಟರು. "ಬುಡಣ್ಣ, ಡಿಬೇಟ್ನಲ್ಲಿ ಕಪ್ ಹೊಡ್ದೋರು ಅವ್ರು. ಅವ್ರ್ ಬಾಯ್ಗೆ ಸಿಕ್ಕಾಕೊಬ್ಯಾಡ."

ನಾನು ಅಷ್ಟಕ್ಕೇ ಬಿಡಲಿಲ್ಲ. ಕೇಬಲ್ಲಿನ ತುದಿಗಳು ಸಡಿಲವೆಂದೆ, ಒಂದನ್ನು ಎಳೆದು ತೋರಿಸಿದೆ. ಅದು ಸಡಿಲವಾಗಿತ್ತು, ನಿಜ. ಆ ತಿಂಗಳಿಗೇ ಅವರ ಗುತ್ತಿಗೆ ಮುಗಿಸಿದರು.

ಹೊಸ ಕೇಬಲ್ ಬಂತು. ಬೆಳಿಗ್ಗೆಯ ತೊಂದರೆ ಹೋಗಲಿಲ್ಲ.

ಆಮೇಲೆ ಲ್ಯಾಬಿನ ಸರ್ವರ್ ಮುಂದೆ ಕೂತೆ. ಕರೆಂಟಿನ ಭಯಕ್ಕೆ ನಮ್ಮಲ್ಲಿ ಸಂಜೆ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ಪ್ರತಿ ಕಂಪ್ಯೂಟರೂ ನೆಟ್‌ವರ್ಕಿನಲ್ಲಿ ತನ್ನ ಗುರುತಿಗೊಂದು ವಿಳಾಸ ಕೊಡಿ ಎಂದು ಹೊಸದಾಗಿ ಕೇಳುತ್ತಿತ್ತು. ಉಮ್ಮತ್ತೂರಿನ ಮೊದಲ ಬಸ್ಸು ಹಿಡಿದು, ಚಾಮರಾಜನಗರದಲ್ಲಿ ಇನ್ನೊಂದು ಹತ್ತಿ ಬರುವ ನಾನು ಎಲ್ಲರಿಗಿಂತ ಮುಂಚೆ ಸರ್ವರ್ ಹಾಕುತ್ತಿದ್ದೆ. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡ್: ಒಂದು ಲ್ಯಾಬಿಗೆ, ಇನ್ನೊಂದು ಆಫೀಸಿನ ಕಡೆಗೆ. ವಿಳಾಸ ಹಂಚುವ ಕೆಲಸ ಅದಕ್ಕೆ ಒಪ್ಪಿಸುವಾಗ ಯಾವ ಕಾರ್ಡಿನಲ್ಲಿ ಎಂದು ನಾನು ಸೆಟ್ಟಿಂಗಿನಲ್ಲಿ ಬರೆದೇ ಇರಲಿಲ್ಲ. ಅದು ಎರಡರಲ್ಲೂ ಹಂಚುತ್ತಿತ್ತು. ಆಫೀಸಿಗೆ ವಿಳಾಸವನ್ನೂ ಇಂಟರ್ನೆಟ್ಟನ್ನೂ ಕೊಡಬೇಕಾದ ರೂಟರ್ ಉತ್ತರಿಸುವ ಮೊದಲೇ ನನ್ನ ಸರ್ವರ್ ಕೊಟ್ಟ ವಿಳಾಸ ಹಿಡಿದ ಕಂಪ್ಯೂಟರ್‌ಗೆ ಹೊರಗಿನ ದಾರಿಯೇ ಇರುತ್ತಿರಲಿಲ್ಲ. ನಾನು ರಜೆ ಹಾಕಿದರೆ ಲ್ಯಾಬಿಗೆ ಬೀಗ, ಸರ್ವರ್ ಬಂದ್, ಆಫೀಸು ಸುಗಮ.

ಲ್ಯಾಬಿನ ಕಾರ್ಡಿನ ಹೆಸರೊಂದನ್ನೇ ಬರೆದೆ. ಒಂದೇ ಸಾಲು. ಮರುದಿನ ಆಫೀಸಿನಲ್ಲಿ ಎಲ್ಲವೂ ನಡೆಯಿತು.

ಪ್ರಿನ್ಸಿಪಾಲರಿಗೆ ಹೇಳಿ, ವೈರ್‌ಮನ್ನನ್ನು ವಾಪಸ್ ಕರೆಸಿ ಎಂದು ಕೇಳಿಕೊಂಡೆ. "ಅವತ್ತು ನೀವು ಹೇಳಿದ್ದೇ ಚೆನ್ನಾಗಿತ್ತಲ್ರೀ. ಆ ಜಾಗಕ್ಕೆ ಬೇರೆಯವರು ಬಂದಾಯ್ತು. ಕೆದಕಬೇಡಿ," ಎಂದರು. ಅರ್ಧ ಗಂಟೆ ವಾದಿಸಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

ಫೋನ್ ಮಾಡಿದಾಗ ವೈರ್‌ಮನ್ ಸಂತೆಮರಹಳ್ಳಿಯಲ್ಲಿ ಯಾರದೋ ಮನೆಗೆ ದಿನಗೂಲಿಯ ಮೇಲೆ ವೈರಿಂಗ್ ಮಾಡುತ್ತಿದ್ದರು.

"ತಪ್ಪು ನಂದೇ ಅಣ್ಣ," ಎಂದೆ.

"ಅಷ್ಟ್ ಮಾತಾಡೋ ಬದ್ಲು, ಅವತ್ತು ಒಂದ್ ಗಳಿಗೆ ನಿಮ್ ಮಿಷಿನ್ ಆಫ್ ಮಾಡ್ಬುಟ್ಟು ನೋಡ್ಬೋದಾಗಿತ್ತಲ್ಲ ಸಾ."

"ಆದ್ರೆ ಅಣ್ಣ, ಆವಾಗ..." ಎಂದು ಶುರು ಮಾಡಿದೆ.

"ಏಣಿ ಮ್ಯಾಲೆ ನಿಂತಿವ್ನಿ ಸಾ. ಇಡ್ತೀನಿ."