ರೊಟ್ಟಿಯ ಸಪ್ಪಳಕ್ಕೆ ಅಂಜಿದ ತಂಗಿ

ಮೊನ್ನೆ ಬೆಳಿಗ್ಗೆ ರೊಟ್ಟಿಯ ಮೇಲೆ ನೀರು ಸವರುವುದು ಸ್ವಲ್ಪ ತಡವಾಯಿತು. ಹಂಚಿನ ಮೇಲೆ ಉದುರಿದ ಒಣ ಹಿಟ್ಟು ಸೀದು ಅಡುಗೆಮನೆಯ ತುಂಬ ವಾಸನೆ. ಕೆಟ್ಟ ವಾಸನೆಯೇನಲ್ಲ ಅದು. ಜೋಳದ ಹಿಟ್ಟು ಸೀದರೆ ಮೊದಲು ಹುರಿದ ಕಾಳಿನ ಹಾಗೆ ಘಂ ಅನ್ನುತ್ತದೆ, ಆಮೇಲೆ ಗಂಟಲಿಗೆ ಹತ್ತುತ್ತದೆ. ಗ್ಯಾಸ್ ಆರಿಸಿ ಸುಮ್ಮನೆ ನಿಂತೆ. ಸಿಂದಗಿಯ ಖಾನಾವಳಿಯ ಅವ್ವಾರು ನೆನಪಾಗಿದ್ದರು...

ಅವರನ್ನು ಎಲ್ಲರೂ ಅವ್ವಾರು ಎಂದೇ ಕರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಖಾನಾವಳಿ. ಮುಂದೆ ಊಟದ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಹಿಂದೆ ಅಂಗಳ, ಅಂಗಳದ ಆಚೆ ಒಂದು ಬಾಡಿಗೆ ಕೋಣೆ. ಆ ಕೋಣೆಯಲ್ಲಿ ನಾನಿದ್ದೆ. ಹೂವಿನ ಹಿಪ್ಪರಗಿಯಿಂದ ಬಂದು ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿಯೂ ರೊಟ್ಟಿ ಬಡಿಯಲು ಬಾರದವಳು ಎಂದು ನಮ್ಮ ಬಳಗದಲ್ಲಿ ನಾನು ಹೆಸರುವಾಸಿ. ಅವ್ವಾರದು ಅದರ ಉಲ್ಟಾ. ಅವರ ರೊಟ್ಟಿ ಹಾಳೆಯ ಹಾಗೆ ತೆಳ್ಳಗೆ, ಹಿಟ್ಟು ನಾದುವ ಪರಾತದಷ್ಟು ಅಗಲ. ಹಲಗೆಯ ಮೇಲೆ ಅವರ ಕೈ ಬಿದ್ದರೆ ಓಣಿಯ ತುದಿಗೆ ಕೇಳುತ್ತಿತ್ತು. ಬಸ್ಸಿನಿಂದ ಇಳಿದವರು ಬೋರ್ಡು ಓದುತ್ತಿರಲಿಲ್ಲ, ಆ ಸಪ್ಪಳ ಹಿಡಿದು ಬರುತ್ತಿದ್ದರು.

ಇಂಥ ಅವ್ವಾರಿಗೆ ನಾಯಿಯೊಂದು ಯಾಕೆ ಬೇಕಾಯಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಶುರುವಾದದ್ದು ನನ್ನ ಬಾಯಿಂದಲೇ. ವಿಜಯಪುರದ ಹೊರಗೆ ಕೆಲವು ಹುಡುಗರು ಸೇರಿ ತಗಡಿನ ಶೆಡ್ಡು ಹಾಕಿ ಗಾಯಗೊಂಡ, ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಫೋನಿಗೆ ಕಳಿಸಿದ ನಾಯಿಮರಿಗಳ ಫೋಟೋಗಳನ್ನು ಊಟ ಮಾಡುತ್ತ ಅವ್ವಾರಿಗೆ ತೋರಿಸಿದೆ, ಅಷ್ಟೇ. ಬರುವ ರವಿವಾರ ಹೋಗೋಣ ಎಂದು ಅವ್ವಾರು ಎದ್ದೇಬಿಟ್ಟರು. ಖಾನಾವಳಿಗೆ ಕಾಯಿಪಲ್ಯೆ ತರುವ ಗಾಡಿಯಲ್ಲಿ ಹೋದೆವು. ಶೆಡ್ಡಿನಲ್ಲಿ ಮರಿಗಳು ಸೀರೆಯ ಸೆರಗು ಹಿಡಿದು ಜಗ್ಗಿದವು, ಗಟ್ಟಿಮುಟ್ಟಾದೊಂದು ಗಂಡುನಾಯಿ ಅವ್ವಾರ ಕೈ ನೆಕ್ಕಿತು. ಅವ್ವಾರು ಎಲ್ಲವನ್ನೂ ದಾಟಿ ಕೊನೆಯ ಮೂಲೆಗೆ ಹೋಗಿ ನಿಂತರು. ಅಲ್ಲೊಂದು ಬೂದು ಬಣ್ಣದ ಹೆಣ್ಣುನಾಯಿ ಗೋಡೆಗೆ ಮುಖ ಹಚ್ಚಿ ಕೂತಿತ್ತು. ಕರೆದರೂ ತಿರುಗಲಿಲ್ಲ. ಅದರ ಬೆನ್ನು ಮಾತ್ರ ಸಣ್ಣಗೆ ನಡುಗುತ್ತಿತ್ತು.

"ಇದನ್ನ ಕೊಡವ್ವಾ," ಅಂದರು ಅವ್ವಾರು.

ನನ್ನ ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇದನ್ನು ಇಬ್ಬರು ಒಯ್ದು ಇಬ್ಬರೂ ವಾಪಸು ತಂದು ಬಿಟ್ಟಿದ್ದಾರೆ ಎಂದಳು. ಹೋದ ಸಲ ತಿರುಗಿ ಬಂದಾಗ ಅನ್ನ ನೀರು ಬಿಟ್ಟಿತ್ತಂತೆ. "ಒಂದು ತಿಂಗಳು ನೋಡ್ರಿ ಟೀಚರ್, ಹೊಂದಲಿಲ್ಲಂದ್ರ ನಾವಾ ಬಂದು ಕರ್ಕೊಂಡು ಹೋಗ್ತೇವ್ರಿ. ಆದ್ರ ಇನ್ನೊಮ್ಮೆ ತಿರುಗಿ ಬಂದ್ರ ಇದು ಉಳಿಯೂದಿಲ್ಲ ಅನಸ್ತೈತ್ರಿ."

ಅವ್ವಾರಿಗೆ ಅದನ್ನು ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ, ಗಾಡಿಯಲ್ಲಿ ಗೋಣಿಚೀಲ ಹಾಸುತ್ತಿದ್ದರು.

ಯಾಕೆ ಇದನ್ನೇ ಆರಿಸಿದಿರಿ ಎಂದು ದಾರಿಯಲ್ಲಿ ಗಾಡಿಯವನು ಕೇಳಿದ. ಕಾವಲಿಗೆ, ಅಂದರು. ಗೋಡೆಗೆ ಮುಖ ಮಾಡಿ ಕೂಡುವ ನಾಯಿ ಯಾವ ಕಾವಲು ಕಾಯುತ್ತದೆ! ಮನೆಗೆ ಬಂದ ಮೇಲೆ, ಖಾನಾವಳಿಯಲ್ಲಿ ಬಡಿಸುತ್ತಿದ್ದ ಚಿಗವ್ವನಿಗೆ ಬೇರೆ ಕಾರಣ ಹೇಳಿದರು. ಉಳಿದ ರೊಟ್ಟಿ ತಿಪ್ಪೆಗೆ ಹೋಗಬಾರದಂತೆ. ನಾನು ಕೇಳಿದಾಗ, "ಅದು ಗ್ವಾಡಿ ಕಡೆ ಮಾರಿ ಮಾಡಿ ಕುಂತಿತ್ತಲ್ರಿ ಅಕ್ಕೋರ," ಅಂದರು. ಗಣಿತದವಳಿಗೆ ಇದ್ಯಾವುದೂ ಉತ್ತರ ಅನ್ನಿಸಲಿಲ್ಲ.

ಹೆಸರಿಡಿ ಎಂದರೆ ಅವ್ವಾರು ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿ, ತಂಗಿ ಎಂದು ಕರೆಯತೊಡಗಿದರು. ಊಟಕ್ಕೆ ಬಂದವರು, ಒಳಗೆ ಅವ್ವಾರ ತಂಗಿ ಬಂದಿದ್ದಾರೆಂದು ತಿಳಿದು ಮೆಲ್ಲಗೆ ಮಾತಾಡುತ್ತಿದ್ದರು.

ಆದರೆ ತಂಗಿ ಕಣ್ಣಿಗೆ ಬೀಳಬೇಕಲ್ಲ. ಬಂದ ದಿನವೇ ಅದು ಅಂಗಳದಲ್ಲಿದ್ದ ಹಗ್ಗದ ಹೊರಸಿನ ಕೆಳಗೆ, ಹಿಟ್ಟಿನ ಚೀಲಗಳ ಸಂದಿಯಲ್ಲಿ ಹೊಕ್ಕಿತು. ಎಲ್ಲರ ಊಟವಾಗಿ ಮನೆ ತಣ್ಣಗಾದ ಮೇಲೆ ಹೊರಬಂದು ಏನಾದರೂ ತಿಂದು ಮತ್ತೆ ಒಳಗೆ. ಬೆಳಿಗ್ಗೆ ಒಲೆ ಹೊತ್ತಿ ಅಡುಗೆ ಶುರುವಾದರೆ ಸಾಕು, ಚೀಲಗಳು ನಡುಗುತ್ತಿದ್ದವು. ವಿದ್ಯಾರ್ಥಿನಿ ಫೋಟೋ ಕೇಳುತ್ತಿದ್ದಳು. ನಾನು ಕಳಿಸಿದ ಫೋಟೋಗಳಲ್ಲಿ ಕತ್ತಲೆಯೂ ಎರಡು ಕಣ್ಣುಗಳೂ ಮಾತ್ರ ಇರುತ್ತಿದ್ದವು.

ಎಲ್ಲರಿಗೂ ಒಂದೊಂದು ಕಾರಣ ಹೊಳೆಯಿತು. ಯಾರೋ ಕೋಲಿನಿಂದ ಹೊಡೆದಿರಬೇಕೆಂದು ಚಿಗವ್ವ ಮನೆಯಲ್ಲಿದ್ದ ಕೋಲು, ಕಸಬರಿಗೆ ಎಲ್ಲ ಅಟ್ಟಕ್ಕೆ ಹಾಕಿದಳು. ದಿನಾ ಊಟಕ್ಕೆ ಬರುತ್ತಿದ್ದ ತೊಗರಿ ವ್ಯಾಪಾರದ ಕಾಕಾ, ದೃಷ್ಟಿ ಆಗೈತಿ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆಸಿದರು. ಹೊಗೆಗೆ ಅಂಜುತ್ತದೆ ಎಂಬುದು ನನ್ನ ಸಿದ್ಧಾಂತ. ಅದಕ್ಕಾಗಿ ಕಟ್ಟಿಗೆ ಒಲೆ ಬಿಟ್ಟು ಗ್ಯಾಸಿನ ಮೇಲೆ ಹಂಚು ಇಟ್ಟು ನೋಡಿದೆವು. ಏನೂ ಬದಲಾಗಲಿಲ್ಲ.

ಆಗ ಒಂದು ದಿನ ಹಿಟ್ಟಿನ ಚೀಲ ಎತ್ತಲು ಹೋಗಿ ಅವ್ವಾರ ಮುಂಗೈ ಉಳುಕಿತು. ಕೆಲವು ದಿನ ರೊಟ್ಟಿ ನಿಂತು ಚಪಾತಿ, ಅನ್ನದ ಮೇಲೆ ಖಾನಾವಳಿ ನಡೆಯಿತು. ಅದೇ ದಿನಗಳಲ್ಲಿ ನಾನು ಸಾಲೆಯಿಂದ ಬಂದು ನೋಡುತ್ತೇನೆ, ತಂಗಿ ಅಂಗಳದ ನಡುವೆ ಬಿಸಿಲಿಗೆ ಮೈ ಚಾಚಿ ಮಲಗಿದೆ! ಪಡಸಾಲೆಯಲ್ಲಿ ಜನ, ಒಳಗೆ ಪಾತ್ರೆಯ ಗದ್ದಲ, ಹೊಗೆ, ಎಲ್ಲ ಇತ್ತು. ಅದಕ್ಕೆ ಪರಿವೆಯೇ ಇಲ್ಲ. ಹೊಂದಿಕೊಂಡಿತು ಬಿಡಿ ಎಂದು ನಾವು ಚಹಾ ಕುಡಿದು ಸಂಭ್ರಮಪಟ್ಟೆವು.

ಕೈ ನೆಟ್ಟಗಾಗಿ ಅವ್ವಾರು ಮೊದಲ ರೊಟ್ಟಿಗೆ ಕೂತರು. ಹಲಗೆಯ ಮೇಲೆ ಕೈ ಬಿದ್ದದ್ದೇ ತಡ, ಅಂಗಳದಲ್ಲಿ ನೀರಿನ ಕೊಡ ಉರುಳಿತು. ತಂಗಿ ಚೀಲದ ಸಂದಿ ಸೇರಿತ್ತು. ಅವ್ವಾರು ಕೈ ತಡೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಬಡಿದರು. ಚೀಲಗಳು ನಡುಗಿದವು. ನಿಲ್ಲಿಸಿದರು, ನಡುಕ ನಿಂತಿತು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಅಕ್ಕೋರ, ಇದು ನನ್ನ ಕೈಗೆ ಅಂಜತೈತ್ರಿ."

ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತು ಎಂದು ನನಗೆ ಬರೆಯಲು ಬರುವುದಿಲ್ಲ. ಊರಿಗೆಲ್ಲ ಉಣಿಸಿದ ಕೈ ಅದು. ಆ ಮನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಡದೆ ಕೇಳುತ್ತಿದ್ದ ಸಪ್ಪಳ ಅದೊಂದೇ, ಮತ್ತು ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನಮ್ಮ ಕಡೆ ಅದನ್ನು ಸಪ್ಪಳವೆಂದು ಯಾರು ಹಿಡಿಯುತ್ತಾರೆ? ತೊಟ್ಟಿಲಲ್ಲಿ ಇದ್ದಾಗಿನಿಂದ ಕೇಳಿದ್ದು, ಅದು ಕೇಳಿದರೆ ನಮಗೆ ಹಸಿವಾಗುತ್ತದೆ. ಆ ನಾಯಿಗೆ ಮಾತ್ರ ಅದು ಯಾರದೋ ಏಟಿನ ಹಾಗೆ ಕೇಳಿಸುತ್ತಿತ್ತೋ ಏನೋ. ಯಾರು ಹೊಡೆದಿದ್ದರು, ಎಲ್ಲಿ... ಯಾರಿಗೆ ಗೊತ್ತು.

ಮರುದಿನ ಅವ್ವಾರು ಬಡಿಯುವುದನ್ನು ಬಿಟ್ಟು ಲಟ್ಟಣಿಗೆ ಹಿಡಿದರು. ಪಡಸಾಲೆಯಲ್ಲಿ ಕಾಕಾ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅವ್ವಾರ, ಇದು ನಿಮ್ಮ ಕೈದಲ್ಲ ಬಿಡ್ರಿ. ಮಷಿನ್ ತಂದೀರೇನು?" ಅಂದರು. ಲಟ್ಟಿಸಿದ ರೊಟ್ಟಿ ದಪ್ಪಗೆ, ಅಂಚು ಬಿರಿದು, ಆರಿದರೆ ಚರ್ಮದ ಹಾಗೆ. ನಗೆಚಾಟಿಕೆ ನಡೆದಷ್ಟು ದಿನ ನಡೆಯಿತು, ಆಮೇಲೆ ಜನ ಮೆಲ್ಲಗೆ ಎದುರಿನ ಖಾನಾವಳಿಗೆ ಸರಿದರು. ಸಪ್ಪಳವಿಲ್ಲದ ಮನೆಗೆ ಬಸ್ಸಿನವರು ಬರುವುದಾದರೂ ಹೇಗೆ? ಬಡಿಸಲು ಕೆಲಸವಿಲ್ಲದೆ ನಿಂತ ಚಿಗವ್ವ ತಡೆಯಲಾರದೆ, "ಒಂದು ನಾಯಿ ಸಲುವಾಗಿ ಅನ್ನ ಕೊಡೂ ಕೈ ಕಟ್ಟಿ ಹಾಕ್ತೀರೇನ್ರಿ ಅವ್ವಾರ? ತಿರುಗಿ ಕೊಟ್ಟು ಬರ್ರಿ," ಅಂದಳು. ಅವಳ ಮಾತು ಸುಳ್ಳೇನಲ್ಲ, ಅವಳ ಮನೆಯೂ ಆ ಒಲೆಯ ಮೇಲೆಯೇ ನಡೆಯುತ್ತಿತ್ತು. ಅವ್ವಾರು ಲಟ್ಟಣಿಗೆಗೆ ಹತ್ತಿದ ಹಿಟ್ಟು ಕೆರೆದು ತೆಗೆದರು. ತಿಂಗಳು ತುಂಬುತ್ತ ಬಂದಿತ್ತು. ಯಾರ ಪರ ವಹಿಸಬೇಕೆಂದು ತಿಳಿಯದೆ ನಾನು ಇಬ್ಬರಿಗೂ ತಲೆ ಅಲ್ಲಾಡಿಸುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಸಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅವ್ವಾರು ಅಡುಗೆಮನೆಯಿಂದ ಕೂಗಿದರು.

"ಬರ್ರಿ ಅಕ್ಕೋರ, ರೊಟ್ಟಿ ಬಡೀರಿ."

"ನನಗ ಬರೂದಿಲ್ಲಲ್ರಿ ಅವ್ವಾರ."

"ಬರೂದಿಲ್ಲಂತನ ಕರದೇನಿ."

ನಾದಿದ ಹಿಟ್ಟಿನ ಉಂಡೆ ಮುಂದಿಟ್ಟು ಅವರು ದೂರ ಸರಿದು ಕೂತರು. ನಾನು ಬಡಿದೆ. ಬಡಿದೆ ಅನ್ನುವುದು ದೊಡ್ಡ ಮಾತು, ಹಿಟ್ಟನ್ನು ಸವರಿದೆ. ಕಲಿಯುವವಳ ಕೈಯಲ್ಲಿ ತಾಳವಿಲ್ಲ, ಬಲವಿಲ್ಲ. ಒಮ್ಮೆ ಪಚ್, ಒಮ್ಮೆ ಟಪ್, ನಡುವೆ ರೊಟ್ಟಿ ಹರಿಯಿತೆಂದು ಹಾಯ್ ಹಾಯ್. ಹಂಚಿಗೆ ಹಾಕುವಷ್ಟರಲ್ಲಿ ಅದು ನಕ್ಷೆಯ ಹಾಗೆ ಆಗಿತ್ತು, ನೀರು ಸವರಲು ಮರೆತು ಸೀದೂ ಹೋಯಿತು. ಚಿಗವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವ್ವಾರು ನಗಲಿಲ್ಲ. ಅವರ ಕಣ್ಣು ಅಂಗಳದ ಕಡೆ ಇತ್ತು. ಚೀಲಗಳ ಸಂದಿಯಿಂದ ಒಂದು ಮೂಗು ಹೊರಬಂದಿತ್ತು.

ಅಂದಿನಿಂದ ದಿನಾ ಊಟದ ಹೊತ್ತು ಮುಗಿದ ಮೇಲೆ ನನ್ನ ಪಾಠ. ಹರಿದ ರೊಟ್ಟಿಗಳೆಲ್ಲ ತಂಗಿಗೆ. ನನ್ನ ಕೈ ಕಲಿತ ಹಾಗೆ ಸಪ್ಪಳ ಸ್ವಲ್ಪ ಸ್ವಲ್ಪ ಬಲಿಯಿತು, ಅದರ ಕಿವಿಯೂ ಜೊತೆಗೇ ಕಲಿಯಿತು. ಹೊರಸಿನಿಂದ ಅಂಗಳಕ್ಕೆ, ಅಂಗಳದಿಂದ ಮೆಟ್ಟಿಲಿಗೆ. ಆಮೇಲೆ ಅವ್ವಾರು ನನ್ನ ಬಗಲಿಗೆ ಕೂತು ನನ್ನ ಸಪ್ಪಳದ ನಡುವೆ ತಮ್ಮದೊಂದು ಏಟು ಸೇರಿಸತೊಡಗಿದರು, ಹಾಲಿಗೆ ನೀರು ಬೆರೆಸುವವರ ಹಾಗೆ ಗೊತ್ತಾಗದಂತೆ. ತಂಗಿ ಕಿವಿ ನಿಗುರಿಸುತ್ತಿತ್ತು, ಓಡುತ್ತಿರಲಿಲ್ಲ. ನನಗೆ ಸಿಟ್ಟು ಬಂದ ದಿನಗಳೂ ಇದ್ದವು. ಅಂಗೈ ಉರಿಯುತ್ತಿತ್ತು, ಪೇಪರ್ ತಿದ್ದುವುದು ಹಾಗೇ ಉಳಿಯುತ್ತಿತ್ತು. ನಾನು ಟೀಚರೋ ನಾಯಿಯ ಅಡುಗೆಯವಳೋ ಎಂದು ಕೇಳಿದರೆ ಅವ್ವಾರು, "ಉಂಡೆ ಸಣ್ಣದು ಹಿಡೀರಿ," ಅನ್ನುತ್ತಿದ್ದರು.

ತಿಂಗಳ ಗಡುವನ್ನು ನಾನು ಫೋನಿನಲ್ಲೇ ಮುಂದೂಡುತ್ತ ಬಂದಿದ್ದೆ, ಕೊನೆಗೊಂದು ದಿನ ನನ್ನ ವಿದ್ಯಾರ್ಥಿನಿ ಬಂದಳು. ನಾಯಿಯನ್ನು ಕರೆದೊಯ್ಯಲು ಹಗ್ಗ, ಬುಟ್ಟಿ ಎಲ್ಲ ತಂದಿದ್ದಳು. ಅವ್ವಾರು ಅವಳನ್ನು ಕೂಡಿಸಿ, ಹಲಗೆ ಎಳೆದುಕೊಂಡು ತಮ್ಮ ಪೂರಾ ಕೈಯಿಂದ ಬಡಿಯಲು ಶುರುಮಾಡಿದರು. ಓಣಿ ತುದಿಗೆ ಕೇಳುವ ಹಳೆಯ ಸಪ್ಪಳ. ತಂಗಿ ಎದ್ದಿತು. ಹೊರಸಿನ ಕಡೆ ನೋಡಿತು. ಆಮೇಲೆ ಬಾಲ ಒಳಗೆ ಹಾಕಿಕೊಂಡೇ ಅಡುಗೆಮನೆಯ ಹೊಸ್ತಿಲಿಗೆ ಬಂದು, ಅವ್ವಾರ ಎದುರು ಕೂತಿತು. ಮೈಯೆಲ್ಲ ನಡುಗುತ್ತಿತ್ತು.

"ಇನ್ನೂ ಅಂಜತೈತಲ್ರಿ ಅಜ್ಜಿ," ಅಂದಳು ಹುಡುಗಿ.

"ಅಂಜತಾಳ. ಅಂಜಿಕೋತನ ಬಂದು ಕುಂತಾಳ ನೋಡವಾ. ಇರ್ಲಿ."

ಹುಡುಗಿ ಕಣ್ಣೊರೆಸಿಕೊಂಡು ಹಗ್ಗ ಸುತ್ತಿ ಚೀಲಕ್ಕೆ ಹಾಕಿದಳು. ಊಟಕ್ಕೆ ಬರುವವರೂ ಒಬ್ಬೊಬ್ಬರಾಗಿ ತಿರುಗಿ ಬಂದರು. ಕಾಕಾ, ತಮ್ಮ ದೃಷ್ಟಿಯ ಉಪಾಯದಿಂದಲೇ ನಾಯಿ ಸುಧಾರಿಸಿತೆಂದು ಹೇಳಿಕೊಂಡು ತಿರುಗಿದರು. ಅವ್ವಾರ ಕೈ ಬಿದ್ದಾಗಲೆಲ್ಲ ತಂಗಿ ನಡುಗುವುದು ಮಾತ್ರ ಕೊನೆಯವರೆಗೂ ಬಿಡಲಿಲ್ಲ, ಹೊಸ್ತಿಲನ್ನೂ ಬಿಡಲಿಲ್ಲ. ಇದು ಪ್ರೀತಿಯೋ, ಕೊನೆಗೆ ತನಗೆಂದು ಬಡಿಯುವ ಚಿಕ್ಕ ರೊಟ್ಟಿಯ ಆಸೆಯೋ, ಬೇರೇನೋ... ಅಂಜಿಕೆ ಇರುವಲ್ಲಿಗೆ ತಾನೇ ಬಂದು ಕೂಡುವುದನ್ನು ನಾನು ಯಾವ ಲೆಕ್ಕದಲ್ಲಿ ಹಿಡಿಯಲಿ?

ಮುಂದೆ ನನ್ನ ಮದುವೆಯಾಗಿ ಇಂಡಿಗೆ ವರ್ಗವಾಯಿತು. ಹೊರಡುವ ದಿನ ಮತ್ತೊಮ್ಮೆ ಕೇಳಿದೆ, ಇದನ್ನೇ ಯಾಕೆ ತಂದಿರಿ ಎಂದು. ಅವ್ವಾರು ನನ್ನ ಡಬ್ಬಿಗೆ ಶೇಂಗಾ ಹಿಂಡಿ ಚಟ್ನಿ ತುಂಬುತ್ತ, "ಈಗ ನಿಮಗ ರೊಟ್ಟಿ ಬಂತಿಲ್ಲೋ?" ಅಂದರು. ನನ್ನ ಪ್ರಶ್ನೆ ಅದಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಚಿಗವ್ವನ ಫೋನು ಬಂತು. ಮುಂಜಾನೆ ಹಿಟ್ಟು ನಾದುತ್ತ ಎದೆ ಹಿಡಿದುಕೊಂಡ ಅವ್ವಾರು ಏಳಲಿಲ್ಲವಂತೆ. ನಾನು ಹೋದಾಗ ಮಣ್ಣು ಮುಗಿದಿತ್ತು. ತಂಗಿ ಆರಿದ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ ಕೂತಿತ್ತು. ಏನೂ ತಿಂದಿಲ್ಲ ಎಂದಳು ಚಿಗವ್ವ. ಹೊರಡುವಾಗ, "ಅಕ್ಕೋರಿಗೆ ಅಂತನ ತಂದೇನಿ ಇಕಿನ್ನ, ಅಂತಿದ್ರು," ಎಂದು ತಂಗಿಯ ಕೊರಳಿನ ಹಗ್ಗ ನನ್ನ ಕೈಗೆ ಕೊಟ್ಟಳು. ಆಮೇಲೆ ಅವಳೇ, "ನನಗೊಂದು ಹೇಳ್ತಿದ್ರು, ನಿಮಗೊಂದು ಹೇಳ್ತಿದ್ರು," ಅಂದು ಅತ್ತಳು. ನಾಯಿಯ ಸಲುವಾಗಿ ನನಗೆ ಕಲಿಸಿದರೋ, ನನಗೆ ಕಲಿಸಲು ನಾಯಿಯನ್ನು ತಂದರೋ, ಅಥವಾ ಎರಡೂ ಅಲ್ಲವೋ. ಕೇಳೋಣವೆಂದರೆ ಅವರಿಲ್ಲ.

ನನ್ನ ಮನೆಗೆ ಬಂದು ತಂಗಿ ಉಣ್ಣಲು ಶುರುಮಾಡಿತು, ಸದ್ಯ. ದಿನಾ ನಾನು ರೊಟ್ಟಿ ಬಡಿಯಲು ಕೂತರೆ ಅಂಗಳದಲ್ಲೇ ಮಲಗಿರುತ್ತದೆ, ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನನ್ನ ಕೈಗೆ ಅದು ಎಂದೂ ಅಂಜಿದ್ದೇ ಇಲ್ಲ. ನಾಯಿ ಎಷ್ಟು ಆರಾಮಾಗಿದೆ ಎಂದು ನೋಡಿದವರು ಹೊಗಳುತ್ತಾರೆ.

ಮೊನ್ನೆ ಹಿಟ್ಟು ಸೀದು ನಾನು ಹಾಗೆ ನಿಂತಿದ್ದೆನಲ್ಲ, ಆಗ ಹಲಗೆಯ ಮೇಲೆ ಒಂದು ಉಂಡೆ ಉಳಿದಿತ್ತು. ಏನನ್ನಿಸಿತೋ, ಮತ್ತೆ ಕೂತು ಅವ್ವಾರ ಹಾಗೆ, ಓಣಿಗೆ ಕೇಳುವ ಹಾಗೆ, ಇದ್ದಷ್ಟು ಬಲ ಹಾಕಿ ಬಡಿದೆ. ತಂಗಿ ಧಡಕ್ಕನೆ ಎದ್ದು ಬಂತು. ಬಾಲ ಒಳಗೆ ಹಾಕಿಕೊಂಡು ಹೊಸ್ತಿಲಿನಲ್ಲಿ ಕೂತು ಗಡಗಡ ನಡುಗಿತು. ಮೊದಲು ಹಲಗೆ ನೋಡಿತು, ಆಮೇಲೆ ನನ್ನ ಮುಖ ನೋಡಿತು. ಯಾರನ್ನೋ ಹುಡುಕುವ ಹಾಗೆ ಅಡುಗೆಮನೆಯ ಮೂಲೆಮೂಲೆಗೆ ಕಣ್ಣು ಹಾಯಿಸಿತು. ನಾನು ಬಡಿಯುತ್ತಲೇ ಇದ್ದೆ, ನಿಲ್ಲಿಸಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ನಡುಕ ತಾನಾಗಿಯೇ ನಿಂತಿತು. ಎದ್ದು ಅಂಗಳಕ್ಕೆ ಹೋಗಿ ಮಲಗಿತು.