ಐದನೆಯ ಹೆಜ್ಜೆ

ನಮ್ಮಕ್ಕನಿಗೆ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನೃತ್ಯ ಹೇಳಿಕೊಡುವುದೇ ಕೆಲಸ. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು, ಸಂಜೆ ಬಾಡಿಗೆ ಹಾಲ್‌ನಲ್ಲಿ ಮತ್ತೊಂದು ಗುಂಪು. ಮನೆಗೆ ಬಂದರೆ ಹಾಸಿಗೆ ಹಿಡಿದ ಅಮ್ಮ. ತನ್ನದೇ ಒಂದು ನೃತ್ಯ ಕಟ್ಟಬೇಕೆಂದು ಒಂಬತ್ತು ವರ್ಷದಿಂದ ಹೇಳುತ್ತಲೇ ಇದ್ದಳು. ಅದಕ್ಕೆ ಅವಳಿಗೆ ಸಿಕ್ಕಿದ್ದ ಜಾಗವೆಂದರೆ ಅಡುಗೆಮನೆ, ಒಲೆಯಿಂದ ಫ್ರಿಜ್ಜಿನವರೆಗೆ. ಕುಕ್ಕರ್ ಕೂಗುವಷ್ಟರಲ್ಲಿ ಮುಗಿಸಬೇಕು. ಮಂಡಿ ಬೇರೆ ಸವೆದಿತ್ತು. ಕುಣಿಯುವುದಿದ್ದರೆ ಇನ್ನೆರಡು ವರ್ಷ, ಅಷ್ಟೇ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಜಾಗ ಸಾಲಲ್ಲ ಕಣೇ" ಎಂದಾಗಲೆಲ್ಲ ನಾನು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ರೇಗಿಸುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಬರಬರುತ್ತಾ ಅದನ್ನೂ ಬಿಟ್ಟಳು.

ಆಗ ಒಂದು ನೃತ್ಯಸಂಸ್ಥೆಯವರು ಮೂರು ವಾರ ತಮ್ಮ ಸ್ಟುಡಿಯೊ ಬಿಟ್ಟುಕೊಟ್ಟರು. ಪ್ರದರ್ಶನ ಬೇಡ, ವರದಿ ಬೇಡ, ಬೀಗದ ಕೈ ಹಿಡಿದುಕೊಂಡು ಹೋಗಿ ಎಂದರು. ಅಕ್ಕ ಪಾಠಗಳಿಗೆಲ್ಲ ರಜೆ ಹೇಳಿದಳು, ನಾನು ಆಫೀಸಿಗೆ ರಜೆ ಹಾಕಿ ಅಮ್ಮನನ್ನು ನೋಡಿಕೊಳ್ಳಲು ಬಂದೆ.

"ಇವತ್ತೇನ್ ಮಾಡ್ದೆ?" ಎಂದು ಮೊದಲ ವಾರ ದಿನವೂ ಕೇಳಿದೆ.

"ಮಲಗಿದ್ದೆ."

"ಇವತ್ತೂನಾ?"

"ಹೂಂ. ಯಾರೂ ಕರೀಲಿಲ್ಲ, ನಿದ್ದೆ ಬಂದ್ಬಿಡ್ತು."

ನನಗೆ ಮೈಯೆಲ್ಲ ಉರಿಯಿತು. ನಾನಿಲ್ಲಿ ಅಮ್ಮನನ್ನು ಎತ್ತಿ ಇಳಿಸಿ ಸೊಂಟ ಮುರಿದುಕೊಳ್ಳುತ್ತಿದ್ದರೆ ಮಹಾರಾಣಿ ಅಲ್ಲಿ ನಿದ್ದೆ ಹೊಡೆಯುತ್ತಾಳೆ! ಅದೇ ಕೆಲಸವನ್ನು ಅವಳು ಐದು ವರ್ಷದಿಂದ ಮಾಡುತ್ತಿದ್ದಾಳೆಂದು ಆಗ ಹೊಳೆಯಲಿಲ್ಲ.

ಎರಡನೆಯ ವಾರ, ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ, ಜಗಳವಾಡಲೆಂದೇ ಹೋದೆ. ಅಕ್ಕ ಕುಣಿಯುತ್ತಿದ್ದಳು. ಇಪ್ಪತ್ತು ಹೆಜ್ಜೆ ಉದ್ದದ ಖಾಲಿ ಮರದ ನೆಲ. ಅವಳು ನಾಲ್ಕು ಹೆಜ್ಜೆ ಇಟ್ಟು, ಎಡಭುಜ ಒಳಗೆಳೆದುಕೊಂಡು ತಿರುಗಿದಳು. ಮತ್ತೆ ನಾಲ್ಕು, ಮತ್ತೆ ತಿರುಗಿದಳು.

"ಅಕ್ಕಾ, ನಾಲ್ಕಕ್ಕೇ ಯಾಕೆ ತಿರುಗ್ತೀಯಾ?"

"ಫ್ರಿಜ್ ಇದೆಯಲ್ಲೇ."

ಹೇಳಿದ ಮೇಲೆ ಎದುರಿಗೆ ನೋಡಿದಳು. ಅಲ್ಲೇನೂ ಇರಲಿಲ್ಲ. ಹಾಗೇ ನೆಲದ ಮೇಲೆ ಕೂತು ಅತ್ತಳು. ನನ್ನ ಗಾದೆ ನೆನಪಾಗಿ ನನಗೆ ನಾಚಿಕೆಯಾಯಿತು, ಜೊತೆಗೆ ಅಳುವೂ ಬಂತು. ಜಗಳ ಅಲ್ಲಿಗೇ ಬಿಟ್ಟೆ.

ಉಳಿದ ದಿನಗಳನ್ನೆಲ್ಲ ಅವಳು ಆ ಐದನೆಯ ಹೆಜ್ಜೆಗೇ ಕೊಟ್ಟಳು. ಮನಸ್ಸು ಮುಂದೆ ಹೋಗು ಎಂದರೂ ಭುಜ ತನ್ನಷ್ಟಕ್ಕೆ ತಿರುಗಿಬಿಡುತ್ತಿತ್ತಂತೆ. ಕೊನೆಯ ದಿನ ನನ್ನನ್ನು ಕರೆಸಿಕೊಂಡಳು. ನೃತ್ಯ ಮುಗಿದಿರಲಿಲ್ಲ, ಆಗಿದ್ದದ್ದು ಎರಡೇ ನಿಮಿಷದಷ್ಟು. ಆದರೆ ಈ ಗೋಡೆಯಿಂದ ಹೊರಟವಳು ಆ ಗೋಡೆ ಮುಟ್ಟಿಯೇ ನಿಂತಳು. ಸಂಜೆ ಬೀಗದ ಕೈ ವಾಪಸ್ಸು ಕೊಟ್ಟು ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ದಢ್ ಎಂದು ಸದ್ದಾಯಿತು. ಓಡಿದೆ. ಕುಕ್ಕರ್ ಇಟ್ಟು ಹೆಜ್ಜೆ ಹಾಕಲು ಹೋದ ಅಕ್ಕ ಫ್ರಿಜ್ಜಿಗೆ ಭುಜ ಬಡಿಸಿಕೊಂಡು ನಿಂತಿದ್ದಳು.

"ಕಣ್ಣು ಕಾಣಲ್ವಾ? ಒಂಬತ್ತು ವರ್ಷದಿಂದ ಅಲ್ಲೇ ಇದೆ!"

"ತಿರುಗೋದು ಮರ್ತೇ ಹೋಯ್ತು ಕಣೇ" ಎಂದು ಅಕ್ಕ ಭುಜ ತಿಕ್ಕಿಕೊಳ್ಳುತ್ತಾ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ಕುಕ್ಕರ್ ಕೂಗಿತು.