ಎದುರಿನವರ ಕೈಗೇ ಚೆಂಡು ಹಾಕುವ ಗಂಗರತ್ನಮ್ಮ

ಕೆಜಿಎಫ್ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸಿನ ಸೈರನ್ ಇನ್ನೂ ಕೂಗಿಲ್ಲ. ಚಿನ್ನ ತೆಗೆದ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಹಿಂದೆ ಆಕಾಶ ಈಗಷ್ಟೇ ಬೆಳ್ಳಗಾಗುತ್ತಿದೆ. ಗಣಿ ಅಧಿಕಾರಿಗಳ ಕ್ಲಬ್ಬಿನ ಟೆನಿಸ್ ಕೋರ್ಟಿನಲ್ಲಿ ಒಬ್ಬ ಹೆಂಗಸು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹುರಿ ಕಟ್ಟಿ, ಡಬ್ಬದಲ್ಲಿ ಕದಡಿದ ಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ. ನಿನ್ನೆ ಸಂಜೆ ಸಗಣಿ ಸಾರಿಸಿದ ನೆಲ ಒಣಗಿ ರಾಗಿ ಕಣದಂತೆ ಗಟ್ಟಿಯಾಗಿದೆ. ಹತ್ತು ಗಂಟೆಗೆ ಇದೇ ಅಂಗಳದಲ್ಲಿ ಪುಣೆಯ ಹುಡುಗಿಯೊಬ್ಬಳ ಎದುರು ಆಡಬೇಕಾದವರೂ ಇವರೇ. ಮದುವೆಯ ಚಪ್ಪರ ತಾನೇ ಹಾಕಿ, ಆಮೇಲೆ ಹಸೆಮಣೆ ಏರಲು ಓಡುವ ಮದುಮಗಳ ಪಾಡು.

ಹೆಸರು ಗಂಗರತ್ನಮ್ಮ, ವಯಸ್ಸು ಇಪ್ಪತ್ತೇಳು. ಕೆಲಸ ಕ್ಲಬ್ಬಿನಲ್ಲಿ ಮಾರ್ಕರ್. ಮಾರ್ಕರ್ ಅಂದರೆ ಕೋರ್ಟು ಗುಡಿಸಿ, ಸಾರಿಸಿ, ನೆಟ್ಟು ಕಟ್ಟುವವರು. ಸದಸ್ಯರಿಗೆ ಆಡಲು ಜೊತೆ ಸಿಗದಿದ್ದರೆ ರಾಕೆಟ್ ಹಿಡಿದು ಎದುರು ನಿಲ್ಲುವವರೂ ಅವರೇ. ಮೊದಲು ಅಪ್ಪ ಕೋದಂಡಪ್ಪ ಈ ಕೆಲಸದಲ್ಲಿದ್ದರು. ಬೂದಿಕೋಟೆ ಕಡೆಯಿಂದ ಗಣಿಗೆ ಬಂದು, ಮಂಡಿ ನೋವು ಹತ್ತಿದ ಮೇಲೆ ಕ್ಲಬ್ಬಿಗೆ ಸೇರಿದ ಮನುಷ್ಯ. ಮಂಡಿ ಪೂರ್ತಿ ಕೈಕೊಟ್ಟಾಗ ಮಗಳು ರಾಕೆಟ್ಟನ್ನೂ ಪೊರಕೆಯನ್ನೂ ಒಟ್ಟಿಗೇ ಎತ್ತಿಕೊಂಡರು.

ಚಳಿಗಾಲ ಬಂತೆಂದರೆ ಮಾತ್ರ ಇವರು ಊರಲ್ಲಿ ನಿಲ್ಲುವವರಲ್ಲ. ಹೆಂಗಸರ ವೃತ್ತಿಪರ ಟೆನಿಸ್‌ನಲ್ಲಿ ತೀರಾ ಕೆಳಗಿನ ಮೆಟ್ಟಿಲಿನ ಪಂದ್ಯಾವಳಿಗಳು ವಾರಕ್ಕೊಂದು ಊರಿನಂತೆ ನಡೆಯುತ್ತವೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ರೈಲಿನ ಜನರಲ್ ಬೋಗಿಗೆ ನುಗ್ಗಿ, ಸೇಲಂ, ಹೈದರಾಬಾದ್, ನಾಗಪುರ ಎಂದು ಸುತ್ತುತ್ತಾರೆ. ಜೊತೆಗೆ ತಾಯಿ ಮುನಿನಾರಾಯಣಮ್ಮ, ಒಂದು ಸೀಮೆಎಣ್ಣೆ ಸ್ಟೌವು, ಒಂದು ಚೀಲ ರಾಗಿಹಿಟ್ಟು. ಸ್ಟೌವಿನ ಸದ್ದು ಕೇಳಿದರೆ ಸಾಕು, ಪಕ್ಕದ ಕೋಣೆಗಳ ಆಟಗಾರ್ತಿಯರು ತಟ್ಟೆ ಹಿಡಿದು ಬರುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಇಡೀ ಸರ್ಕ್ಯೂಟಿಗೆ ಕಲಿಸಿದ ಕೀರ್ತಿ ಈ ತಾಯಿಯದು.

"ಆಟ ನಂಗೇನೂ ತಿಳಿಯಾಕಿಲ್ಲ ಸ್ವಾಮಿ. ಮಗಳು ನಗ್ತಾ ಬಂದ್ರೆ ಗೆದ್ಲು ಅನ್ಕೊತೀನಿ. ಆದ್ರೆ ಇವ್ಳು ಸೋತ್ರೂ ನಗ್ತಾನೇ ಬತ್ತಾಳೆ, ಅದೇ ಕಷ್ಟ" ಎನ್ನುತ್ತಾರೆ ಮುನಿನಾರಾಯಣಮ್ಮ.

ಸೋಲು ಹೊಸದಲ್ಲ. ಅರ್ಹತಾ ಪಂದ್ಯಗಳನ್ನು ಹೇಗೋ ದಾಟಿ ಮುಖ್ಯ ಸುತ್ತಿಗೆ ಬರುತ್ತಾರೆ. ಅಲ್ಲಿ ಮೊದಲ ಪಂದ್ಯದಲ್ಲೇ ಮನೆಗೆ. ಏಳು ಸೀಸನ್ ಹೀಗೇ ಆಗಿದೆ. ದೊಡ್ಡ ಆಟಗಾರ್ತಿಯರಿಗೆ ಇವರ ಜೊತೆ ಅಭ್ಯಾಸ ಮಾಡುವುದೆಂದರೆ ಬಲು ಇಷ್ಟ, ಪಂದ್ಯದಲ್ಲಿ ಎದುರು ಬಂದರೆ ಇನ್ನೂ ಇಷ್ಟ. "ಈ ಸೀಸನ್ನಾಗೆ ಒಂದಾದ್ರೂ ಗೆಲ್ದಿದ್ರೆ ಸಾಕು ಮಾಡ್ಬುಡ್ತೀನಿ ಅಂತ ಅಮ್ಮುಂಗೆ ಯೋಳಿದೀನಿ. ರಾಕೆಟ್ ಅಟ್ಟದ ಮ್ಯಾಲೆ, ನಾನು ಪೊರಕೆ ಜೊತೆ" ಎಂದು ಗೆರೆ ಎಳೆಯುತ್ತಲೇ ಹೇಳುತ್ತಾರೆ. ಈ ಸೀಸನ್ನಿನ ಕೊನೆಯ ಪಂದ್ಯಾವಳಿ ಇದು, ಇಂದಿನದು ಅದರ ಮುಖ್ಯ ಸುತ್ತಿನ ಮೊದಲ ಪಂದ್ಯ. ಸರ್ಕ್ಯೂಟು ಇದೇ ಮೊದಲ ಸಲ ಕೆಜಿಎಫ್‌ಗೆ ಬಂದಿದೆ.

ಮೊದಲ ಸಲ ಆಗುತ್ತಿರುವುದು ಇನ್ನೂ ಒಂದಿದೆ. ಮಗಳು ಪಂದ್ಯ ಆಡುವುದನ್ನು ಕೋದಂಡಪ್ಪ ಇದುವರೆಗೆ ನೋಡಿಯೇ ಇಲ್ಲ. ಆ ಮಂಡಿ ಕಟ್ಟಿಕೊಂಡು ರೈಲು ಹತ್ತುವುದು ಹೇಗೆ? ಇಂದು ಅವರು ಕೋರ್ಟಿನ ಪಕ್ಕದಲ್ಲಿ, ನೆಲ ಸಮ ಮಾಡುವ ಕಲ್ಲಿನ ರೋಲರ್ ಮೇಲೆ, ಮಡಿಸಿದ ಟವೆಲ್ ಹಾಸಿಕೊಂಡು ಕುಳಿತಿದ್ದಾರೆ.

ಆಟ ಶುರುವಾಗುತ್ತದೆ. ಸಗಣಿಯ ವಾಸನೆಗೆ ಮೊದಲ ದಿನ ಮೂಗು ಮುಚ್ಚಿದ್ದ ಪುಣೆಯ ಹುಡುಗಿ ಈಗ ಅದೇ ನೆಲದಲ್ಲಿ ಜಿಂಕೆಯಂತೆ ಓಡುತ್ತಾಳೆ. ಮೊದಲ ಸೆಟ್ ಅವಳದು. ಎರಡನೆಯದರಲ್ಲಿ ಅವಳು ತಪ್ಪು ಮಾಡುವ ತನಕ ಗಂಗರತ್ನಮ್ಮ ಚೆಂಡನ್ನು ವಾಪಸು ಕಳಿಸುತ್ತಲೇ ಇದ್ದು ಗೆಲ್ಲುತ್ತಾರೆ. ಮೂರನೆಯದರಲ್ಲಿ ಹುಡುಗಿ ತಪ್ಪು ಮಾಡುವುದನ್ನು ನಿಲ್ಲಿಸುತ್ತಾಳೆ. ನಾಲ್ಕು-ಎರಡು ಎಂದು ಮುಂದೆ ಹೋಗುತ್ತಾಳೆ. ರೋಲರ್ ಮೇಲೆ ಕೋದಂಡಪ್ಪ ಟವೆಲ್ಲಿನ ಅಂಚು ಹಿಂಡುತ್ತಿದ್ದಾರೆ.

ಆಗ ನೆಲ ನಡುಗುತ್ತದೆ. ಗಣಿಯ ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಹೀಗೆ ಅದುರುವುದುಂಟು. ಕಾಫಿ ಲೋಟಗಳು ಟೇಬಲ್ಲಿನ ಮೇಲೆ ಗಲಗಲ ಎನ್ನುತ್ತವೆ. ಗಂಗರತ್ನಮ್ಮ ಹೊಡೆದ ಚೆಂಡು ಗೆರೆಯೊಳಗೆ ಬೀಳುತ್ತದೆ. ಅಂಪೈರ್ ಕುರ್ಚಿಯಲ್ಲಿರುವ ಪೆರುಮಾಳ್, ಮೂವತ್ತು ವರ್ಷ ಗಣಿಯಲ್ಲಿ ದುಡಿದವರು, ನಿರಾತಂಕವಾಗಿ ಪಾಯಿಂಟ್ ಕೂಗುತ್ತಾರೆ. ಗಂಗರತ್ನಮ್ಮ ಮುಂದಿನ ಸರ್ವಿಸ್ ಹಾಕಿ, ಅದೂ ವಾಪಸು ಬಾರದಿದ್ದಾಗ ತಲೆ ಎತ್ತಿ ನೋಡುತ್ತಾರೆ. ಪೆರುಮಾಳ್ ಆ ಪಾಯಿಂಟನ್ನೂ ಕೂಗಿಬಿಟ್ಟಿದ್ದಾರೆ.

"ಪೆರುಮಾಳಣ್ಣ, ಆ ಕಡೆ ಯಾರೂ ಇಲ್ವಲ್ಲ."

ಪುಣೆಯ ಹುಡುಗಿ ರಾಕೆಟ್ ಎಸೆದು ಕ್ಲಬ್ಬಿನ ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದಾಳೆ. ಇಡೀ ಕ್ಲಬ್ಬು ನಗುತ್ತದೆ. "ಅಯ್ಯೋ, ನಮಗೆ ಈ ನಡುಕ ಪಳಕ ಆಗೋಯ್ತಮ್ಮ" ಎಂದು ಪೆರುಮಾಳ್ ನಾಲಿಗೆ ಕಚ್ಚಿಕೊಂಡು ಎರಡೂ ಪಾಯಿಂಟ್ ರದ್ದು ಮಾಡುತ್ತಾರೆ, ಆಟ ನಿಲ್ಲಿಸುತ್ತಾರೆ. ಆದರೆ ಅವರು ನೇರ ಓಡುವುದು ಫೋನಿನ ಬಳಿಗೆ. ಕೆಳಗೆ ಶಿಫ್ಟಿನಲ್ಲಿ ಜನರಿದ್ದಾರೆ. ಫೋನು ಇಟ್ಟು ಬಂದು, "ಹಳೇ ಸುರಂಗದಲ್ಲಿ. ಯಾರಿಗೂ ಏನೂ ಇಲ್ಲ" ಎಂದ ಮೇಲೆಯೇ ಎಲ್ಲರ ಎದೆಗೂ ಉಸಿರು ಮರಳುತ್ತದೆ. ಮುನಿನಾರಾಯಣಮ್ಮ ಅಷ್ಟರಲ್ಲಿ ಹುಡುಗಿಯ ಕೈ ಹಿಡಿದು ಕರೆತಂದು ಮಜ್ಜಿಗೆ ಕುಡಿಸುತ್ತಿದ್ದಾರೆ. ಭಾಷೆ ಬಾರದಿದ್ದರೂ ಬೆನ್ನು ಸವರಲು ಬರುತ್ತದೆ.

ಆಟ ನಿಂತಾಗ ಆಟಗಾರ್ತಿಯ ಜೊತೆ ಮಾತನಾಡಲು ಅಡ್ಡಿಯಿಲ್ಲ. ಕೋದಂಡಪ್ಪ ಮಗಳನ್ನು ರೋಲರ್ ಬಳಿ ಕರೆಯುತ್ತಾರೆ.

"ನೀನು ಆವಮ್ಮನ ಕೈಗೇ ಆಕ್ತಾ ಇದೀಯ ಕಣಮ್ಮ."

"ಅಂಗಂದ್ರೆ?"

"ಸಾಹೇಬ್ರನ್ನ ಓಡಿಸಬಾರ್ದು, ಚೆಂಡು ಅವ್ರ ಕೈಗೇ ಓಗ್ಬೇಕು ಅಂತ ನಾನೇ ಯೋಳ್ಕೊಟ್ನಲ್ಲ. ಅದು ನಿನ್ನ ಕೈಯಾಗೆ ಕುಂತ್ಬುಟ್ಟೈತೆ." ಮುದುಕ ಒಮ್ಮೆ ಕೋರ್ಟಿನತ್ತ ನೋಡುತ್ತಾರೆ. "ಆವಮ್ಮ ನಮ್ಮ ಕ್ಲಬ್ಬಿನ ಮೆಂಬರ್ ಅಲ್ಲ. ಓಡ್ಸು."

ಏಳು ಸೀಸನ್ನಿನ ಸೋಲು ಇಷ್ಟು ಸಣ್ಣ ಮಾತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸೌಜನ್ಯ ಹೆಚ್ಚಾಗಿ ಸೋತವರು ಲೋಕದಲ್ಲಿ ಎಷ್ಟಿದ್ದಾರೋ, ಈ ಮನೆಯಲ್ಲಂತೂ ಒಬ್ಬರಿದ್ದರು. ಗಂಗರತ್ನಮ್ಮ ಅಂಗೈಯನ್ನು ಆಟದ ಲಂಗಕ್ಕೆ ಒರೆಸಿಕೊಂಡು ಕೋರ್ಟಿಗೆ ಇಳಿಯುತ್ತಾರೆ.

ಮೊದಲ ಪಾಯಿಂಟಿನಲ್ಲಿ ಮೂಲೆಗೆ ಹೊಡೆಯಲು ಹೋಗಿ ಚೆಂಡು ಗೆರೆಯಾಚೆ ಹೋಗುತ್ತದೆ. ಎರಡನೆಯದು ನೆಟ್ಟಿಗೆ. ಮೂರನೆಯದು ಬೆಳಿಗ್ಗೆ ತಾವೇ ಎಳೆದ ಸುಣ್ಣದ ಗೆರೆಗೆ ತಾಗಿ ಬಿಳಿ ಪುಡಿ ಹಾರಿಸುತ್ತದೆ. ಹುಡುಗಿ ಅದರ ಹತ್ತಿರವೂ ಇಲ್ಲ. ಖಾಲಿ ಜಾಗ ಅಷ್ಟಿದೆ ಎಂದು ಇವರಿಗೆ ಈಗಷ್ಟೇ ಕಂಡಂತಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನೆಟ್ಟಿನ ಬುಡಕ್ಕೆ. ನಾಲ್ಕು-ನಾಲ್ಕು ಆಗುತ್ತದೆ. ಆರು-ನಾಲ್ಕಕ್ಕೆ ಮುಗಿಯುತ್ತದೆ. ಪೆರುಮಾಳ್ ಗಂಗರತ್ನಮ್ಮನವರ ಗೆಲುವನ್ನು ಕೂಗುತ್ತಾರೆ. ಮುನಿನಾರಾಯಣಮ್ಮ ಮಗಳ ಮುಖ ನೋಡುತ್ತಾರೆ. ಮಗಳು ನಗುತ್ತಿಲ್ಲ, ಅಳುತ್ತಿದ್ದಾಳೆ. "ಸೋತ್ಳಾ?" ಎಂದು ಗಾಬರಿಯಿಂದ ಪಕ್ಕದವರನ್ನು ಕೇಳುತ್ತಾರೆ.

ಸಂಜೆ ಐದಕ್ಕೆ ಗಂಗರತ್ನಮ್ಮ ಮತ್ತೆ ಕೋರ್ಟಿನಲ್ಲಿದ್ದಾರೆ. ನಾಳೆ ಎರಡನೇ ಸುತ್ತು, ಆದರೆ ಇವತ್ತಿನ ಮಾರ್ಕರ್ ಕೆಲಸ ಇವತ್ತೇ ಆಗಬೇಕು. ಎದುರಿಗೆ ಗಣಿಯ ನಿವೃತ್ತ ಅಕೌಂಟೆಂಟ್ ರಾಮಚಂದ್ರಪ್ಪ, ಹೊಟ್ಟೆಯೂ ಉಸಿರೂ ಒಟ್ಟಿಗೆ ಮುಂದೆ ಬರುವ ಮನುಷ್ಯ. ಮೊದಲ ಚೆಂಡೇ ಅವರ ಪಕ್ಕದಿಂದ ಸರ್ರನೆ ಮೂಲೆಗೆ ಹೋಗುತ್ತದೆ. ರಾಮಚಂದ್ರಪ್ಪ ನಿಂತಲ್ಲೇ ತಿರುಗಿ ನೋಡುತ್ತಾರೆ.

"ಏನಮ್ಮ ಇದು, ನನ್ನನ್ನೂ ಓಡಿಸ್ತೀಯಾ?"

"ಕೈ ತಪ್ತು ಸಾರ್."

ರೋಲರ್ ಮೇಲಿಂದ ಕೋದಂಡಪ್ಪ ಗಟ್ಟಿಯಾಗಿ ಕೆಮ್ಮುತ್ತಾರೆ. ಮುಂದಿನ ಚೆಂಡು ರಾಮಚಂದ್ರಪ್ಪನವರ ರಾಕೆಟ್ ಇದ್ದ ಜಾಗಕ್ಕೇ ಹೋಗಿ ಬೀಳುತ್ತದೆ.

ಆಟ ಮುಗಿದ ಮೇಲೆ ನೆಟ್ಟು ಇಳಿಸುತ್ತಿರುವ ಇವರನ್ನು, ರಾಕೆಟ್ ಅಟ್ಟಕ್ಕೆ ಹೋಗುವುದು ಯಾವಾಗ ಎಂದು ಕೇಳಿದರೆ ಗಂಗರತ್ನಮ್ಮ ನಗುತ್ತಾರೆ. "ಅಟ್ಟಕ್ಕೆ ಪೊರಕೆನೂ ಓಗಲ್ಲ, ರಾಕೆಟ್ಟೂ ಓಗಲ್ಲ ಬುಡಿ. ಕೈಗೂ ಆಕ್ತೀನಿ, ಕೈಗೆ ಸಿಕ್ದಂಗೂ ಆಕ್ತೀನಿ. ಈಗ ನಂಗೆ ಎಲ್ಡೂ ಬತ್ತದೆ."